ಮೀನು ಯಾವಾಗ ಕಚ್ಚುತ್ತದೆ ಎಂದು ಹೇಳುವ ಆ್ಯಪ್: ಐದಕ್ಕೆ ಎರಡೂವರೆ ಸ್ಟಾರ್

ದುಡ್ಡು ಕೊಟ್ಟು ತಗೊಳ್ಳಬೇಕಾ ಅಂತ ಕೇಳುವವರಿಗೆ ಮೊದಲೇ ಉತ್ತರ: ಬೇಡ. ಫ್ರೀ ಇರುವಷ್ಟೇ ಸಾಕು. ಯಾಕೆ ಅಂತ ಬೇಕಾದವರು ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ಆ್ಯಪ್ ಹೆಸರು ಹಾಕುತ್ತಿಲ್ಲ. ಈ ಜಾತಿಯವು ಹತ್ತಾರು ಇವೆ, ಎಲ್ಲದರ ಹೊಟ್ಟೆಯೊಳಗಿನ ಲೆಕ್ಕ ಹೆಚ್ಚುಕಮ್ಮಿ ಒಂದೇ. ನಾನು ಬಳಸಿದ್ದು ಹೊರದೇಶದ್ದು. ಜಾಗ ಆರಿಸಿದರೆ ಆ ದಿನದ ಬಿಸಿಲು, ಮಳೆ, ಗಾಳಿ, ಗಾಳಿಯ ಒತ್ತಡ, ಸೂರ್ಯ ಚಂದ್ರ ಹುಟ್ಟುವ ಮುಳುಗುವ ಹೊತ್ತು ಎಲ್ಲ ತೋರಿಸುತ್ತದೆ. ಕೊನೆಗೆ ಎಲ್ಲವನ್ನೂ ಕೂಡಿಸಿ ಆ ದಿನಕ್ಕೆ ಒಂದರಿಂದ ಐದರವರೆಗೆ ಸ್ಟಾರ್ ಕೊಡುತ್ತದೆ. ಐದು ಸ್ಟಾರ್ ಬಂದರೆ ಅವತ್ತು ಮೀನು ಸಾಲುಗಟ್ಟಿ ಬಂದು ಗಾಳ ಕಚ್ಚಬೇಕು, ಹಾಗೆ. ಫ್ರೀಯಲ್ಲಿ ಇವತ್ತಿನದು ಮತ್ತು ನಾಳೆಯದು ಮಾತ್ರ ಸಿಗುತ್ತದೆ. ಇಡೀ ತಿಂಗಳ ಕ್ಯಾಲೆಂಡರ್, ಎಷ್ಟು ಬೇಕಾದರೂ ಜಾಗ ಸೇವ್ ಮಾಡುವುದು, ಯಾವ ಮೀನಿಗೆ ಯಾವ ಹೊತ್ತು ಎಂಬ ಪಟ್ಟಿ, ಇವಕ್ಕೆಲ್ಲ ವರ್ಷಕ್ಕೆ ಸಾವಿರದ ಇನ್ನೂರು ರೂಪಾಯಿ ಚಂದಾ.

ನನ್ನದು ತುಮಕೂರಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಭಾನುವಾರ ಮಾತ್ರ ಬಾಗಿಲು ಹಾಕುತ್ತೇನೆ. ಗಾಳ ಹಾಕುವುದು ಚಟ, ಹೊಟ್ಟೆಪಾಡಲ್ಲ. ಹೋಗುವುದು ಮಾರ್ಕೋನಹಳ್ಳಿ ಹಿನ್ನೀರಿಗೆ, ಕುಣಿಗಲ್ ಸುತ್ತಿನ ಕೆರೆಗಳಿಗೆ, ಅಪರೂಪಕ್ಕೆ ಬೋರನಕಣಿವೆಗೆ. ಕುಣಿಗಲ್ ಕಡೆ ಹೋದರೆ ಜೊತೆಗೆ ಭಾವ ಇರುತ್ತಾರೆ, ನಮ್ಮ ಅಕ್ಕನ ಗಂಡ. ತೆಂಗು, ರಾಗಿ, ಎರಡು ಸೀಮೆಹಸು ಅವರ ಬದುಕು. ಅವರ ಕೈಯಲ್ಲಿ ಈಗಲೂ ಬಿದಿರು ಕಡ್ಡಿ, ನೀರಿನ ಮೇಲೆ ತೇಲುವ ಬೆಂಡು, ಎರೆಹುಳು. ನನ್ನ ಕೈಯಲ್ಲಿ ರೀಲ್ ಇರುವ ರಾಡ್. ಯಾರಿಗೆ ಜಾಸ್ತಿ ಮೀನು ಸಿಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಚಂದ್ರನ ವಿಷಯ. ಚಂದಾ ಕೇಳುವುದೇ ಅವನ ಹೆಸರಿನಲ್ಲಿ ಅಲ್ವಾ.

ಚಂದ್ರನನ್ನು ನೋಡಿ ಮೀನು ಕಚ್ಚುವ ಹೊತ್ತು ಹೇಳುವ ಈ ಲೆಕ್ಕ ಹಳೆಯದು. ಅಮೆರಿಕದ ಜಾನ್ ಆಲ್ಡನ್ ನೈಟ್ ಎಂಬುವರು 1926ರಲ್ಲಿ ಶುರು ಮಾಡಿದ್ದು. ಚಂದ್ರ ನೆತ್ತಿಯ ಮೇಲೆ ಬಂದಾಗ ಒಂದು ದೊಡ್ಡ ಹೊತ್ತು, ಭೂಮಿಯ ಆಚೆ ಬದಿಗೆ ಹೋಗಿ ನಮ್ಮ ಕಾಲಡಿಗೆ ಬಂದಾಗ ಇನ್ನೊಂದು. ಒಂದೊಂದೂ ಸುಮಾರು ಎರಡು ಗಂಟೆ. ಚಂದ್ರ ಹುಟ್ಟುವಾಗ, ಮುಳುಗುವಾಗ ಎರಡು ಸಣ್ಣ ಹೊತ್ತು, ಒಂದೊಂದು ಗಂಟೆಯವು. ಈ ಹೊತ್ತುಗಳಲ್ಲಿ ಮೀನು ಚುರುಕಾಗಿ ಮೇಯುತ್ತದಂತೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಜೋರು, ಅಷ್ಟಮಿ ಬಂದಾಗ ಸಪ್ಪೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಹೊತ್ತುಗಳೂ ದಿನಾ ಅಷ್ಟಷ್ಟೇ ಮುಂದಕ್ಕೆ ಹೋಗುತ್ತವೆ.

ಇದಕ್ಕೆ ಫೋನೇ ಬೇಕು ಅಂತಿಲ್ಲ. ನಮ್ಮ ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದೆ. ತಿಥಿ ಗೊತ್ತಾದರೆ ಉಳಿದದ್ದು ಬಾಯಿಲೆಕ್ಕ. ಅಮಾವಾಸ್ಯೆ ದಿನ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಮಧ್ಯಾಹ್ನ ನೆತ್ತಿಗೆ ಬರುತ್ತಾನೆ. ಹುಣ್ಣಿಮೆಗೆ ಸೂರ್ಯ ಮುಳುಗುವಾಗ ಹುಟ್ಟಿ ನಡುರಾತ್ರಿ ನೆತ್ತಿಗೆ. ಶುಕ್ಲಪಕ್ಷದ ಅಷ್ಟಮಿಯಲ್ಲಿ ಮಧ್ಯಾಹ್ನ ಹುಟ್ಟಿ ಸಂಜೆಗೆ ನೆತ್ತಿಗೆ, ಕೃಷ್ಣಪಕ್ಷದ ಅಷ್ಟಮಿಯಲ್ಲಿ ನಡುರಾತ್ರಿ ಹುಟ್ಟಿ ಬೆಳಿಗ್ಗೆ ನೆತ್ತಿಗೆ. ನಡುವಿನ ದಿನಗಳಿಗೆ ತಿಥಿಗೆ ಮುಕ್ಕಾಲು ಗಂಟೆಯಂತೆ ಸೇರಿಸುತ್ತಾ ಹೋದರೆ ಮುಗಿಯಿತು. ಆ್ಯಪ್ ತೋರಿಸುವ ಹೊತ್ತಿಗೂ ಇದಕ್ಕೂ ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗಬಹುದು. ಏರಿ ಮೇಲೆ ಕೂತು ಗಂಟೆಗಟ್ಟಲೆ ಬೆಂಡು ನೋಡುವವನಿಗೆ ಅರ್ಧ ಗಂಟೆ ಯಾವ ಲೆಕ್ಕ?

ಈಗ ಇದನ್ನೇ ತಿರುವಿ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಎರಡರಲ್ಲೂ ಸಣ್ಣ ಹೊತ್ತು ಬರುವುದು ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ಎರಡು ಅಷ್ಟಮಿಗಳಲ್ಲಿ ದೊಡ್ಡ ಹೊತ್ತು ಬರುವುದೂ ಅದೇ ಬೆಳಿಗ್ಗೆ, ಅದೇ ಸಂಜೆ. ಅಂದರೆ ವಾರಕ್ಕೊಮ್ಮೆ ಚಂದ್ರನ ಯಾವುದಾದರೊಂದು ಹೊತ್ತು ಬಂದು ಬೆಳಗು ಬೈಗಿನ ಮೇಲೆ ಕೂರುತ್ತದೆ. ಬೆಳಗು ಬೈಗಿನಲ್ಲಿ ಮೀನು ಮೇಯುತ್ತದೆ ಅನ್ನುವುದು ಕೆರೆ ಅಂಗಳದಲ್ಲಿ ದನ ಮೇಯಿಸುವ ಹುಡುಗನಿಗೂ ಗೊತ್ತು. ಆ್ಯಪ್ ಹೇಳಿದ ಹಾಗೇ ಆಯಿತು ಅಂತ ನಾನು ಖುಷಿಪಟ್ಟ ದಿನಗಳನ್ನು ಆಮೇಲೆ ನೋಡಿದರೆ ಬಹುಪಾಲು ಇಂಥವೇ. ಕೆಲಸ ಮಾಡಿದ್ದು ಸೂರ್ಯ, ಹೆಸರು ಚಂದ್ರನಿಗೆ.

ಚಂದ್ರನನ್ನು ಒಬ್ಬನೇ ನಿಲ್ಲಿಸಿ ನೋಡಬೇಕಾದರೆ ಅಮಾವಾಸ್ಯೆಯ ನಡುಮಧ್ಯಾಹ್ನ ಹೋಗಬೇಕು. ಮಾರ್ಚ್ ತಿಂಗಳಲ್ಲಿ ಮಾರ್ಕೋನಹಳ್ಳಿಯ ಹಿನ್ನೀರಿನಲ್ಲಿ ಅದನ್ನೂ ಮಾಡಿದೆ. ಆ್ಯಪ್‌ನಲ್ಲಿ ಐದು ಸ್ಟಾರ್, ದೊಡ್ಡ ಹೊತ್ತು, ಹಸಿರು ಪಟ್ಟಿ. ನೀರಿನಲ್ಲಿ ಬೆಂಡು ಅಲ್ಲಾಡಲಿಲ್ಲ. ಭಾವ ಹೊಂಗೆ ಮರದ ಕೆಳಗೆ ಟವಲ್ ಹಾಸಿ ಒಂದು ನಿದ್ದೆ ತೆಗೆದರು. ಎದ್ದು, "ನಿನ್ ಚಂದ್ರ ಊಟಕ್ಕೆ ಹೋಗವ್ನಾ?" ಅಂದರು.

ಸಮುದ್ರದಲ್ಲಾದರೆ ಮಾತು ಬೇರೆ. ಅಲ್ಲಿ ಚಂದ್ರ ನೀರನ್ನೇ ಎಳೆಯುತ್ತಾನೆ. ಉಬ್ಬರ ಇಳಿತದ ಜೊತೆ ಮೀನಿನ ಊಟವೂ ಓಡಾಡುತ್ತದೆ. ನಮ್ಮ ಕೆರೆಗಳಲ್ಲಿ ಕಣ್ಣಿಗೆ ಕಾಣುವಂಥ ಉಬ್ಬರ ಎಲ್ಲಿ ಬಂತು? ಇಲ್ಲಿ ನೀರು ಏರುವುದು ಮಳೆಗೆ, ಇಳಿಯುವುದು ತೂಬಿಗೆ.

ಬೆಳದಿಂಗಳಿಗೆ ಮಾತ್ರ ಒಂದು ಮಾತು ಸಲ್ಲಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುವ ಮೀನು. ಅದರ ಮುಖ್ಯ ಊಟ ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಬೆಳಕು ಜಾಸ್ತಿ ಇರುವ ರಾತ್ರಿ ಅವು ಆಳಕ್ಕೆ ಇಳಿಯುತ್ತವೆ. ಹಾಗಾಗಿ ಹುಣ್ಣಿಮೆ ಹತ್ತಿರದ ರಾತ್ರಿಗಳಲ್ಲಿ ನಾನು ಬೆಂಡನ್ನು ಮೇಲಕ್ಕೆ ಸರಿಸಿ ಗಾಳ ಇನ್ನೊಂದು ಮಾರು ಆಳಕ್ಕೆ ಹೋಗುವಂತೆ ಮಾಡುತ್ತೇನೆ. ಕೆಲಸಕ್ಕೆ ಬರುವ ಸಲಹೆ ಅಂದರೆ ಇಂಥದ್ದು. ಆ್ಯಪ್ ಮಾತ್ರ ಎಷ್ಟು ಆಳಕ್ಕೆ ಹಾಕಬೇಕು ಅನ್ನುವ ಬಗ್ಗೆ ಬಾಯೇ ಬಿಡುವುದಿಲ್ಲ.

ಚಂದಾದಾರರಿಗೆ ಎಷ್ಟು ಜಾಗ ಬೇಕಾದರೂ ಸೇವ್ ಮಾಡಿಕೊಳ್ಳಿ ಅನ್ನುತ್ತಾರೆ. ಚಂದ್ರನ ಮಟ್ಟಿಗೆ ಅದೂ ಸುಮ್ನೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ತುಮಕೂರಿಗೂ ಕೋಲಾರಕ್ಕೂ ನಡುವೆ ಇರುವುದು ಸುಮಾರು ಅಷ್ಟೇ. ತುಮಕೂರಿಗೂ ಮಾರ್ಕೋನಹಳ್ಳಿಗೂ ಒಂದು ನಿಮಿಷದ ವ್ಯತ್ಯಾಸವೂ ಬರುವುದಿಲ್ಲ. ಜಿಲ್ಲೆಗೆಲ್ಲ ಒಂದೇ ಚಂದ್ರ ಸಾಕು.

ಇನ್ನು ಗಾಳಿಯ ಒತ್ತಡ. ಒತ್ತಡ ಇಳಿಯುತ್ತಿದ್ದರೆ ಮೀನು ಚೆನ್ನಾಗಿ ಕಚ್ಚುತ್ತದೆ ಎಂದು ಆ್ಯಪ್ ಕೆಂಪು ಬಾಣ ತೋರಿಸುತ್ತದೆ. ಮೊದಲ ವಾರ ನನಗೆ ಆಶ್ಚರ್ಯವೋ ಆಶ್ಚರ್ಯ. ದಿನಾ ಮಧ್ಯಾಹ್ನ ಬಾಣ ಕೆಳಕ್ಕೆ! ಆಮೇಲೆ ಗೊತ್ತಾಯಿತು, ನಮ್ಮಂಥ ಬಿಸಿಲುನಾಡಿನಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ರಾತ್ರಿ ಹತ್ತಕ್ಕೆ ಮತ್ತೆ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕೆಳಗೆ. ಮೂರು ನಾಲ್ಕು ಹೆಕ್ಟಾಪಾಸ್ಕಲ್ ಅಷ್ಟೇ, ಆದರೆ ತಪ್ಪದೆ ದಿನಾ. ಚಳಿದೇಶಗಳಲ್ಲಿ ಒತ್ತಡ ಬಿದ್ದರೆ ಹವಾಮಾನ ಬದಲಾಗುತ್ತಿದೆ ಎಂದು ಅರ್ಥ. ಇಲ್ಲಿ ಬಿದ್ದರೆ ಕಾಫಿ ಹೊತ್ತಾಯಿತು ಎಂದು ಅರ್ಥ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತಂದು ಹಾಗೇ ಅಂಟಿಸಿದ್ದಾರೆ. ನಿಜವಾಗಿ ನೋಡಬೇಕಾದ ಇಳಿತ ನಮಗೆ ಬರುವುದು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ. ನವೆಂಬರ್, ಡಿಸೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಿಂದ ಹಿಡಿದು ನಮ್ಮವರೆಗೂ ಮೋಡ ಕವಿದು ಜಿಟಿಜಿಟಿ ಹಿಡಿಯುತ್ತದಲ್ಲ, ಆಗ. ಅದನ್ನು ತಿಳಿಯಲು ಆ್ಯಪ್ ಯಾಕೆ, ಒಣಗದ ಬಟ್ಟೆ ನೋಡಿದರೆ ಸಾಕು.

ಹಾಗಂತ ಎಲ್ಲ ದಂಡ ಅಲ್ಲ. ಗಾಳಿ ತೋರಿಸುವ ಪುಟ ಚೆನ್ನಾಗಿದೆ, ಅದೂ ಫ್ರೀ. ಗಂಟೆಗಂಟೆಗೆ ಯಾವ ದಿಕ್ಕಿನಿಂದ, ಎಷ್ಟು ಜೋರು ಅಂತ ಇರುತ್ತದೆ. ಆಷಾಢದಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ. ಪಡುವಣ ಗಾಳಿ ಇಡೀ ದಿನ ಬೀಸುವಾಗ ತೆರೆದ ಏರಿ ಮೇಲೆ ಕೂತರೆ ಬೆಂಡು ಅಲೆಗೆ ಕುಣಿಯುತ್ತದೋ ಮೀನಿಗೆ ಕುಣಿಯುತ್ತದೋ ತಿಳಿಯುವುದಿಲ್ಲ. ಹಾಗೆಂದು ಗಾಳಿ ಮರೆಯ ದಡಕ್ಕೆ ಹೋಗಿಬಿಟ್ಟರೂ ಆಗದು. ಮೇಲೆ ತೇಲುವ ತಿನಿಸೆಲ್ಲ ಗಾಳಿ ತಳ್ಳಿದ ಕಡೆಯ ದಡಕ್ಕೆ ಬಂದು ಸೇರುತ್ತದೆ, ಮೀನೂ ಅಲ್ಲಿಗೇ ಬರುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಎರಡು ಗಂಟೆ ಸಿಗುತ್ತದಾ ಅಂತ ಹಿಂದಿನ ರಾತ್ರಿಯೇ ನೋಡಿಕೊಂಡು ಹೊರಡುವುದಕ್ಕೆ ಈ ಪುಟವನ್ನು ಈಗಲೂ ತೆರೆಯುತ್ತೇನೆ. ಎರಡೂವರೆ ಸ್ಟಾರ್‌ನಲ್ಲಿ ಎರಡು ಇದಕ್ಕೇ.

ಮಳೆ ವಿಷಯದಲ್ಲಿ ಮಾತ್ರ ನಂಬಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ನಮ್ಮ ಕಡೆ ಹೇಗೆ ಬರುತ್ತದೆ ನಿಮಗೂ ಗೊತ್ತು. ಕೆರೆಯ ಈ ದಡ ಒಣಗಿರುತ್ತದೆ, ಆ ದಡದಲ್ಲಿ ಆಲಿಕಲ್ಲು. ಹೊರದೇಶದ ಆ್ಯಪ್‌ಗೆ ಇದು ಸಿಕ್ಕುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಹೋಬಳಿ ಹೆಸರು ಹೇಳಿ ಕೇಳಿದರೆ ಅದಕ್ಕಿಂತ ಮೇಲು. ಸಿಡಿಲಿಗೆ ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹಾಕಿಕೊಳ್ಳಿ. ನೀವು ಇರುವ ಜಾಗದ 20ರಿಂದ 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಬಿಡಿಗಾಸೂ ಬೇಡ. ಈಗಿನ ರಾಡ್‌ಗಳಲ್ಲಿ ಬಹಳಷ್ಟು ಕಾರ್ಬನ್‌ನವು, ಅವುಗಳಲ್ಲಿ ಕರೆಂಟ್ ಹರಿಯುತ್ತದೆ. ಬಯಲಿನಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುವುದೂ ಸಿಡಿಲನ್ನು ಕೈಬೀಸಿ ಕರೆಯುವುದೂ ಒಂದೇ. ಗುಡುಗು ಕೇಳಿಸಿತೋ, ರಾಡ್ ಕೆಳಗಿಟ್ಟು ಎದ್ದು ನಡೆಯಿರಿ. ತೆಂಗಿನ ಮರದ ಕೆಳಗಂತೂ ನಿಲ್ಲಬೇಡಿ.

ಆ್ಯಪ್ ಪೂರ್ತಿ ಸೋಲುವುದು ಕಾಲದ ಲೆಕ್ಕದಲ್ಲಿ. ಅದರ ಪ್ರಕಾರ ವರ್ಷಕ್ಕೆ ನಾಲ್ಕು ಕಾಲ: ವಸಂತ, ಬೇಸಿಗೆ, ಶರತ್ಕಾಲ, ಹಿಮಗಾಲ. ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುವುದಕ್ಕೂ ಒಂದು ಪುಟ ಇಟ್ಟಿದ್ದಾರೆ. ನಮ್ಮ ಕೆರೆಯ ವರ್ಷ ಬೇರೆಯೇ ಇದೆ.

ಮುಂಗಾರು ಹಿಡಿದಾಗ ಹೊಸ ನೀರು ಬರುತ್ತದೆ, ಕೆಂಪಗೆ. ಆರಿದ್ರ ಮಳೆಯಿಂದ ಶುರುವಾಗಿ ನಮ್ಮ ಕಡೆ ಜೋರು ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಹೊಸ ನೀರು ಬಂದು ಬೀಳುವ ಹಳ್ಳದ ಬಾಯಲ್ಲಿ ಮೀನು ಇರುತ್ತದೆ, ನಿಜ. ಆದರೆ ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡುವುದು ಹರಿಯುವ ನೀರಿನಲ್ಲಿ, ಮುಂಗಾರಿನಲ್ಲಿ. ನಿಂತ ಕೆರೆಯಲ್ಲಿ ಅವು ಮರಿ ಮಾಡುವುದಿಲ್ಲ. ಕೆರೆ ತುಂಬಿದ ಮೇಲೆ ತಂದು ಬಿಟ್ಟ ಮರಿಗಳೇ ಬೆಳೆಯಬೇಕು. ಹಾಗಾಗಿ ಹೊಸದಾಗಿ ತುಂಬಿದ ಕೆರೆಯಲ್ಲಿ ಅಕ್ಟೋಬರ್‌ನ ಹುಣ್ಣಿಮೆಗೆ ಐದಲ್ಲ, ಐವತ್ತು ಸ್ಟಾರ್ ಕೊಟ್ಟರೂ ಬರುವುದು ಬೆರಳುದ್ದದ್ದೇ. ಕೊರವ ಮೀನಿನದು ಬೇರೆ ಕಥೆ. ಅದು ಕೆರೆಯಲ್ಲೇ, ಜೊಂಡಿನ ನಡುವೆ ಮರಿ ಮಾಡುತ್ತದೆ, ಮರಿ ಕಾಯುತ್ತದೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಕೆಳಗೆ ದೊಡ್ಡದು ಇದೆ ಎಂದೇ. ಹತ್ತಿರ ಏನು ಬಿದ್ದರೂ ಸಿಟ್ಟಿಗೆ ಬಂದು ಕಚ್ಚುತ್ತದೆ. ಅದನ್ನು ಹಿಡಿದು ಫೋಟೋ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೊಡ್ಡದು ಹೋದರೆ ಆ ಮರಿಗಳೆಲ್ಲ ಉಳಿದ ಮೀನಿಗೆ ಊಟ.

ಚಳಿಗಾಲದಲ್ಲಿ ಬೆಳಗಿನ ಐದು ಗಂಟೆಗೆ ಸ್ವೆಟರ್ ಹಾಕಿಕೊಂಡು ಹೋಗಿ ನಡುಗುವುದರಲ್ಲಿ ಅರ್ಥ ಇಲ್ಲ. ನೀರು ತಣ್ಣಗಿರುವಾಗ ಗೆಂಡೆ ಜಾತಿಯವಕ್ಕೆ ಹಸಿವು ಕಡಿಮೆ. ಬಿಸಿಲು ಏರಿ, ದಡದ ಕಡೆಯ ತೆಳು ನೀರು ಬೆಚ್ಚಗಾದ ಮೇಲೆ ಹತ್ತರಿಂದ ಹನ್ನೆರಡು ಒಳ್ಳೆಯದು.

ಫೆಬ್ರವರಿಯಿಂದ ಮೇವರೆಗೆ ನೀರು ಇಳಿಯುತ್ತದೆ, ಮೀನು ಒಂದೆಡೆ ಸೇರುತ್ತದೆ. ನಮಗೆ ಇದೇ ಸುಗ್ಗಿ. ಆದರೆ ಇಲ್ಲೊಂದು ವಿಷಯ ಇದೆ, ಆ್ಯಪ್ ಇದನ್ನು ಹೇಳಿದ್ದರೆ ಸಾವಿರದ ಇನ್ನೂರು ಸಂತೋಷವಾಗಿ ಕೊಡುತ್ತಿದ್ದೆ. ಬೇಸಿಗೆಯಲ್ಲಿ ಕೆರೆ ನೀರು ಪಾಚಿಯಿಂದ ಹಸಿರಾಗುತ್ತದೆ. ಪಾಚಿ ಹಗಲೆಲ್ಲ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ನಿಲ್ಲುವುದೇ ಕಡಿಮೆ. ಹಾಗಾಗಿ ಬೆಳಗಾಗುವ ಮುಂಚೆಯೇ ಅದು ಅತಿ ಕಡಿಮೆ. ಮೇ ತಿಂಗಳ ಗಾಳಿಯಿಲ್ಲದ ಬೆಳಗಿನ ಜಾವ ಹೋಗಿ ನೋಡಿ, ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಹೊಸಬರು ನೋಡಿ, ಅಬ್ಬಾ ಎಷ್ಟು ಮೀನು, ಮೇಯುತ್ತಿವೆ ಅಂದುಕೊಳ್ಳುತ್ತಾರೆ. ಅವು ಉಸಿರಿಗೆ ಒದ್ದಾಡುತ್ತಿರುತ್ತವೆ. ಮೂಗಿನ ಮುಂದೆ ಕಡಲೆಕಾಯಿ ಹಿಂಡಿ ಕಲಸಿದ ರಾಗಿ ಉಂಡೆ ಇಟ್ಟರೂ ಮೂಸುವುದಿಲ್ಲ. ಆ ಹೊತ್ತಿಗೆ ಆ್ಯಪ್‌ನಲ್ಲಿ ಹಸಿರು ಪಟ್ಟಿ ಉರಿಯುತ್ತಿರುತ್ತದೆ. ಅಂಥ ದಿನ ಎರಡೇ ದಾರಿ. ಬಿಸಿಲು ಬಂದು ಎರಡು ಮೂರು ಗಂಟೆ ಆಗುವವರೆಗೆ ಕಾಯಬೇಕು, ಇಲ್ಲ ಕೊರವನ ಹಿಂದೆ ಬೀಳಬೇಕು. ಕೊರವ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಮೀನು, ನೀರಿನ ಆಮ್ಲಜನಕ ಕಡಿಮೆಯಾದರೆ ಅದಕ್ಕೇನೂ ಆಗುವುದಿಲ್ಲ. ಕೋಲಾರದ ಕಡೆ ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಬರುತ್ತಿದೆ. ಅಲ್ಲಿಯ ಸ್ನೇಹಿತನ ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ, ಬಣ್ಣ ಮಾತ್ರ ಪಾಚಿಯದೇ. ಅವನೂ ಬೆಳಗಿನ ಜಾವ ಹೋಗುವುದನ್ನು ಬಿಟ್ಟು ತಿಂಡಿ ತಿಂದೇ ಹೋಗುತ್ತಾನೆ.

ಇನ್ನು ನಮ್ಮ ಕೆರೆಗಳ ದೊಡ್ಡ ಗುಟ್ಟು ಆಕಾಶದಲ್ಲಿ ಇಲ್ಲವೇ ಇಲ್ಲ. ಗೊರೂರು ಅಣೆಕಟ್ಟಿನಿಂದ ಹೇಮಾವತಿ ನಾಲೆಗೆ ನೀರು ಬಿಟ್ಟರೆ ಒಂದು ಹನಿ ಮಳೆ ಇಲ್ಲದೆಯೂ ಕುಣಿಗಲ್ ದೊಡ್ಡಕೆರೆಗೆ ನೀರು ಬರುತ್ತದೆ. ಗದ್ದೆಗೆ ತೂಬು ಎತ್ತಿದರೆ ರಾತ್ರಿ ಬೆಳಗಾಗುವುದರಲ್ಲಿ ದಡ ಹಿಂದೆ ಸರಿದಿರುತ್ತದೆ, ಮೀನು ಆಳಕ್ಕೆ ಹೋಗಿರುತ್ತದೆ. ಗುತ್ತಿಗೆಯವರು ಹಿಂದಿನ ದಿನ ಬಲೆ ಎಳೆದಿದ್ದರಂತೂ ಮಾತೇ ಇಲ್ಲ. ನಾನು ನಾಲ್ಕೂವರೆ ಸ್ಟಾರ್ ಅಂತ ಶನಿವಾರ ರಾತ್ರಿ ಫೋನ್ ಮಾಡಿದರೆ ಭಾವ ಕೇಳುವ ಪ್ರಶ್ನೆ ಒಂದೇ: "ಶುಕ್ರವಾರ ತೂಬು ಎತ್ತವ್ರೆ, ನಿನ್ ಫೋನಿಗೆ ಗೊತ್ತೇನಪ್ಪ?" ಅಂದ ಹಾಗೆ ಕೆರೆ ಗುತ್ತಿಗೆಯಲ್ಲಿದ್ದರೆ ಗುತ್ತಿಗೆದಾರರನ್ನೋ ಮೀನುಗಾರರ ಸಹಕಾರ ಸಂಘದವರನ್ನೋ ಕೇಳಿಯೇ ಗಾಳ ಹಾಕಿ. ಮರಿ ಬಿಟ್ಟವರು ಅವರು, ದುಡ್ಡು ಹಾಕಿದವರು ಅವರು.

ಕೊನೆಗೆ ಆ್ಯಪ್‌ನ ತಿಂಗಳ ಕ್ಯಾಲೆಂಡರ್. ನೋಡಲು ಚಂದ. ಬಳಸಲು ನನಗೆ ಬಿಡುವು ಇರುವುದು ಭಾನುವಾರ. ಶ್ರಾವಣದಲ್ಲಿ ಮನೆಗೆ ಮೀನು ತರುವ ಹಾಗಿಲ್ಲ. ಅಮಾವಾಸ್ಯೆ ದಿನ ನೀರಿನ ಹತ್ತಿರ ಹೋಗಬೇಡ ಅನ್ನುತ್ತಾರೆ ಅಮ್ಮ, ಮಾರ್ಚ್‌ನ ಆ ಅಮಾವಾಸ್ಯೆಗೆ ಹೋಗಿದ್ದು ಅವರಿಗೆ ಈ ಬರಹ ಓದಿದರೇ ತಿಳಿಯುವುದು. ಮಹಾಲಯ ಅಮಾವಾಸ್ಯೆಗೆ ಆ್ಯಪ್ ಐದು ಸ್ಟಾರ್ ಕೊಡುತ್ತದೆ, ಅವತ್ತು ಹಿರಿಯರಿಗೆ ಎಡೆ ಇಡುವ ಕೆಲಸ. ಯುಗಾದಿ ಬರುವುದೇ ಅಮಾವಾಸ್ಯೆ ಕಳೆದು, ಹಾಗಾಗಿ ಮರುದಿನದ ವರ್ಷದ ತೊಡಕಿಗೂ ಒಳ್ಳೆ ಸ್ಟಾರ್ ಇರುತ್ತದೆ. ಅವತ್ತು ಮನೆ ಬಿಟ್ಟು ಕೆರೆಗೆ ಹೋದವನಿಗೆ ರಾತ್ರಿ ಊಟ ಸಿಕ್ಕೀತಾ? ಹೀಗೆ ಒಂದೊಂದೇ ಹೊಡೆದು ಹಾಕಿದರೆ ತಿಂಗಳಲ್ಲಿ ಉಳಿಯುವುದು ಒಂದೆರಡು ದಿನ. ಅವತ್ತು ಸ್ಟಾರ್ ಎಷ್ಟಿದ್ದರೂ ಹೋಗಿಯೇ ಹೋಗುತ್ತೇನೆ. ಮತ್ತೆ ಯಾಕೆ ಬೇಕು ಕ್ಯಾಲೆಂಡರ್?

ಎಚ್ಚರಿಕೆ ಸದ್ದನ್ನು ಮೊದಲ ದಿನವೇ ಆಫ್ ಮಾಡಿ. ಹುಣ್ಣಿಮೆ ರಾತ್ರಿ ಹನ್ನೆರಡಕ್ಕೆ ಟಿಂಗ್ ಅಂತ ಬಂದು 'ಮೀನು ಈಗ ಕಚ್ಚುತ್ತಿದೆ' ಅನ್ನುತ್ತದೆ. ಹೆಂಡತಿ ಏನಂದಳು ಅನ್ನುವುದು ಇಲ್ಲಿ ಬೇಡ.

ಉಳಿದ ಅರ್ಧ ಸ್ಟಾರ್ ಅವರ ಗ್ರಾಹಕ ಸೇವೆಗೆ. ಮೀನಿನ ಪಟ್ಟಿಯಲ್ಲಿ ಬಾಸ್, ಟ್ರೌಟ್, ಪೈಕ್ ಎಲ್ಲ ಇತ್ತು. ನಮ್ಮದು ಅಂತ ಇದ್ದದ್ದು ಸಾಮಾನ್ಯ ಗೆಂಡೆ ಮಾತ್ರ, ಅದೂ ಕಾರ್ಪ್ ಎಂಬ ಹೆಸರಿನಲ್ಲಿ. ರೋಹು, ಕಾಟ್ಲಾ, ಮೃಗಾಲ್, ಕೊರವ ಸೇರಿಸಿ ಅಂತ ಬರೆದೆ. ಎರಡೇ ದಿನದಲ್ಲಿ ಧನ್ಯವಾದ ಹೇಳಿ ಉತ್ತರ ಬಂತು. ಮುಂದಿನ ಅಪ್‌ಡೇಟ್‌ನಲ್ಲಿ ರೋಹು ಬಂದೂಬಿಟ್ಟಿತು. ಹಾಕಿರುವ ಚಿತ್ರ ಮಾತ್ರ ದಪ್ಪ ತಲೆ, ಮೇಲಕ್ಕೆ ತಿರುಗಿದ ಬಾಯಿ, ಅಪ್ಪಟ ಕಾಟ್ಲಾದ್ದು. ಮತ್ತೆ ಬರೆದಿದ್ದೇನೆ, ಇನ್ನೂ ಸರಿ ಮಾಡಿಲ್ಲ.